ಹುಬ್ಬಳ್ಳಿಯಿಂದ ದಿಲ್ಲಿಗೆ: ನೇರ ವಿಮಾನವೋ, ಬೆಂಗಳೂರು ದಾರಿಯೋ, ಗೋವಾ ದಾರಿಯೋ?

ತಮ್ಮ ದಿಲ್ಲಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವ್ವನನ್ನು ಕರೆದುಕೊಂಡು ಮೂರು ಸಲ ಹೋಗಿ ಬಂದಿದ್ದೇನೆ. ಮೂರು ಸಲವೂ ಬೇರೆ ಬೇರೆ ದಾರಿ. ಮನೆ ಇರುವುದು ಧಾರವಾಡದಲ್ಲಿ. ಹಾಗಾಗಿ ನಾನು ಹೊತ್ತು ಎಣಿಸಿದ್ದು ಮನೆಗೆ ಬೀಗ ಹಾಕಿದಾಗಿನಿಂದ ತಮ್ಮನ ಮನೆ ಮುಟ್ಟುವವರೆಗೆ.

ಮೊದಲ ಸಲ ಬೆಂಗಳೂರು ಮೇಲೆ ಹೋದೆವು. ದಿಲ್ಲಿ ಇರೋದು ಉತ್ತರಕ್ಕೆ, ನಾವು ಹಾರಿದ್ದು ಆಗ್ನೇಯಕ್ಕೆ! ಹುಬ್ಬಳ್ಳಿಯಿಂದ ಬೆಂಗಳೂರು ನೇರ ಗೆರೆಯಲ್ಲಿ ಸುಮಾರು 370 ಕಿ.ಮೀ., ಅಲ್ಲಿಂದ ದಿಲ್ಲಿ ಸುಮಾರು 1,710. ಒಟ್ಟು 2,080. ಹುಬ್ಬಳ್ಳಿಯಿಂದ ನೇರ ಹೋದರೆ ಸುಮಾರು 1,480 ಅಷ್ಟೇ. ಆದರೆ ನಮ್ಮ ಹೊತ್ತು ತಿಂದದ್ದು ಆ ಹೆಚ್ಚಿನ 600 ಕಿ.ಮೀ. ಅಲ್ಲ, ಬೆಂಗಳೂರಿನಲ್ಲಿ ಕಾದ ಮೂರೂವರೆ ತಾಸು. "ಇಷ್ಟ್ ಹಾರಿ ಬಂದೇವಿ, ಇನ್ನೂ ದಿಲ್ಲಿ ಬಂದಿಲ್ಲೇನಪಾ?" ಅಂತ ಅವ್ವ ಎರಡು ಸಲ ಕೇಳಿದಳು.

ಹುಬ್ಬಳ್ಳಿಯಲ್ಲಿ ಹತ್ತಿದ್ದು ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ಎಂಬ ಸಣ್ಣ ವಿಮಾನ. ಅದು ತಾಸಿಗೆ 500 ಕಿ.ಮೀ. ಆಸುಪಾಸು ಹೋಗುತ್ತದೆ, ದೊಡ್ಡ ಜೆಟ್ ವಿಮಾನವಾದ ಏರ್‌ಬಸ್ ತಾಸಿಗೆ 800 ಕಿ.ಮೀ. ದಾಟುತ್ತದೆ. ಎಟಿಆರ್‌ನಲ್ಲಿ ತಲೆ ಮೇಲಿನ ಗೂಡೂ ಸಣ್ಣದು. ನಮ್ಮ ಕೈಬ್ಯಾಗನ್ನು ಮೆಟ್ಟಿಲ ಹತ್ತಿರವೇ ಇಸಿದುಕೊಂಡು ಲಗೇಜಿನ ಜೊತೆ ಹಾಕಿದರು. ಅವ್ವ ತಮ್ಮನಿಗಾಗಿ ಬಡಿದ ಕಡಕ್ ರೊಟ್ಟಿ ಅದರಲ್ಲೇ ಇತ್ತು. ದಿಲ್ಲಿಯಲ್ಲಿ ಗಂಟು ಬಿಚ್ಚಿದರೆ ಒಂದೂ ಇಡಿಯಾಗಿ ಇರಲಿಲ್ಲ. ಅವ್ವ ಆ ಚೂರುಗಳನ್ನೇ ತಾಟಿಗೆ ಹಾಕಿ, ಮೊಸರು ಸುರಿದು, ಮೇಲೆ ಶೇಂಗಾ ಚಟ್ನಿ ಉದುರಿಸಿ ಕೊಟ್ಟಳು.

ಈ ದಾರಿ ಹಿಡಿಯುವವರು ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಬರುವಂತೆ ನೋಡಿಕೊಳ್ಳಿ. ದೊಡ್ಡ ಬ್ಯಾಗನ್ನು ನಡುವೆ ಇಳಿಸಿ ಮತ್ತೆ ಕೊಡುವ ಗೋಜು ಇರಲ್ಲ.

ಎರಡನೇ ಸಲ ಗೋವಾ. ಅದು ನಮಗೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿದೆ, ಹಾಗಾಗಿ ಅಲ್ಲಿನ ದಾಬೋಳಿ ವಿಮಾನ ನಿಲ್ದಾಣದಿಂದ ದಿಲ್ಲಿಯೂ 1,500 ಕಿ.ಮೀ. ಸುತ್ತಮುತ್ತಲೇ. ಟಿಕೆಟ್ ಅಗ್ಗ ಸಿಕ್ಕಿತ್ತು. ಆದರೆ ಗೋವಾಕ್ಕೆ ಕಾರಿನಲ್ಲಿ ಅನಮೋಡ ಘಾಟ್ ಇಳಿಯುವಾಗ ಅವ್ವನಿಗೆ ವಾಂತಿ. ದಾರಿಯಲ್ಲೇ ಐದು ತಾಸು ಹೋಯಿತು, ಉಳಿದ ದುಡ್ಡು ಕಾರಿನ ಬಾಡಿಗೆಗೆ ಹೋಯಿತು. ವಯಸ್ಸಾದವರನ್ನು ಈ ದಾರಿಯಲ್ಲಿ ಕರೆದೊಯ್ಯಬೇಡಿ.

ಮೂರನೇ ಸಲ ಹುಬ್ಬಳ್ಳಿಯಿಂದ ನೇರ ವಿಮಾನ. 2022ರ ನವೆಂಬರಿನಲ್ಲಿ ಶುರುವಾದ ಸೇವೆ ಇದು. ಗೋಕುಲ ರಸ್ತೆಯ ವಿಮಾನ ನಿಲ್ದಾಣ ಚಿಕ್ಕದು, ಮೊಣಕಾಲು ನೋವಿದ್ದರೂ ಅವ್ವ ಬಾಗಿಲಿಂದ ಗೇಟಿನವರೆಗೆ ತಾನೇ ನಡೆದಳು. ರೊಟ್ಟಿ ಗಂಟು ತೊಡೆ ಮೇಲೆ. ಎರಡೂವರೆ ತಾಸಿನ ಮೇಲೆ ಐದು ನಿಮಿಷಕ್ಕೆ ದಿಲ್ಲಿ. ಮನೆಯಿಂದ ಮನೆಗೆ ಆರೂವರೆ ತಾಸು. ಬೆಂಗಳೂರು ದಾರಿಗೆ ಹನ್ನೊಂದೂವರೆ ಹಿಡಿದಿತ್ತು, ಗೋವಾ ದಾರಿಗೆ ಹನ್ನೆರಡು.

ಒಂದೇ ಕೊರತೆ: ನಾವು ಹೋದಾಗ ನೇರ ವಿಮಾನ ದಿನಕ್ಕೊಂದೇ ಇತ್ತು. ಡಿಸೆಂಬರ್, ಜನವರಿಯಲ್ಲಿ ದಿಲ್ಲಿಯ ಮಂಜಿಗೆ ಅದು ರದ್ದಾದರೆ ಆ ದಿನವೇ ಹೋಯಿತು. ಪರೀಕ್ಷೆ, ಆಸ್ಪತ್ರೆ ಅಂತ ತಪ್ಪಿಸಲಾಗದ ಕೆಲಸ ಇದ್ದರೆ ಆ ಎರಡು ತಿಂಗಳು ನಾನು ಬೆಂಗಳೂರು ದಾರಿಯನ್ನೇ ಹಿಡಿಯುತ್ತೇನೆ, ಅಲ್ಲಿಂದ ದಿನವಿಡೀ ವಿಮಾನ ಇರುತ್ತವೆ. ದೀಪಾವಳಿಗೆ ಮಾತ್ರ ಅವ್ವನಿಗೆ ನೇರ ವಿಮಾನವನ್ನೇ ಬುಕ್ ಮಾಡಿದ್ದೇನೆ, ಕಿಟಕಿ ಪಕ್ಕದ ಸೀಟು.