ಎಂಟು ವರ್ಷ ಬಳಸಿದ ಮೇಲೆ: ಎಕ್ಸ್‌ಆರ್‌ಸಿ ಸೆಷನ್‌ಗೆ ಯಾವ ಎರರ್‌ಲೆವೆಲ್ ಕೊಡಬೇಕು?

ಬೆಂಗಳೂರಿನಲ್ಲಿ ಕೂತು ಹೊರದೇಶದ ಒಂದು ಬ್ಯಾಂಕಿನ ಸ್ಟೋರೇಜ್ ನೋಡಿಕೊಳ್ಳುವ ತಂಡ ನಮ್ಮದು. ಐಬಿಎಂ ಮೇನ್‌ಫ್ರೇಮ್‌ನ ಎಕ್ಸ್‌ಆರ್‌ಸಿ, ಅಂದರೆ ಝಡ್‌ಓಎಸ್ ಗ್ಲೋಬಲ್ ಮಿರರ್, ಎಂಟು ವರ್ಷದಿಂದ ದಿನಾ ಬಳಸುತ್ತಿದ್ದೇನೆ. ಮೇನ್ ಸೈಟಿನ ಡಿಸ್ಕ್‌ಗಳ ಕಾಪಿಯನ್ನು ದೂರದ ಇನ್ನೊಂದು ಸೈಟಿನಲ್ಲಿ ಇಡುವ ವ್ಯವಸ್ಥೆ ಅದು. ಕಾಪಿ ಮಾಡುವುದರಲ್ಲಿ ತಕರಾರೇ ಇಲ್ಲ. ಪ್ರತಿ ರೈಟ್‌ಗೂ ಟೈಮ್‌ಸ್ಟಾಂಪ್ ಬೀಳುತ್ತದೆ, ಸಿಸ್ಟಂ ಡೇಟಾ ಮೂವರ್ ಎಂಬ ಪ್ರೋಗ್ರಾಂ ಅದೇ ಕ್ರಮದಲ್ಲಿ ಜೋಡಿಸಿ ದೂರದ ಡಿಸ್ಕ್‌ಗೆ ಬರೆಯುತ್ತದೆ, ಅಪ್ಲಿಕೇಶನ್ ಅದಕ್ಕಾಗಿ ಕಾಯಬೇಕಿಲ್ಲ. ನಾನು ಬರೆಯಲು ಕೂತಿದ್ದು ಈ ಕಾಪಿ ಕೆಲಸವನ್ನು, ಅಂದರೆ ಸೆಷನ್ನನ್ನು, ಶುರು ಮಾಡುವ ಎಕ್ಸ್‌ಸ್ಟಾರ್ಟ್ ಕಮಾಂಡಿನ ಎರರ್‌ಲೆವೆಲ್ ಬಗ್ಗೆ. ದೋಷ ಬಂದಾಗ ಎಷ್ಟನ್ನು ನಿಲ್ಲಿಸಬೇಕು ಅಂತ ಹೇಳುವ ಆಯ್ಕೆ ಅದು.

ಮೇನ್ ಸೈಟಿನ ಒಂದು ವಾಲ್ಯೂಮ್ (ಡಿಸ್ಕ್) ಮತ್ತು ದೂರದಲ್ಲಿರುವ ಅದರ ಕಾಪಿ ಸೇರಿ ಒಂದು ಜೋಡಿ. ಎರರ್‌ಲೆವೆಲ್‌ಗೆ ವಾಲ್ಯೂಮ್ ಅಂತ ಕೊಟ್ಟರೆ ಕೆಟ್ಟ ಜೋಡಿ ಮಾತ್ರ ಸಸ್ಪೆಂಡ್ ಆಗುತ್ತದೆ, ಅಂದರೆ ಅದರ ಕಾಪಿ ನಿಲ್ಲುತ್ತದೆ, ಉಳಿದವು ಓಡುತ್ತಲೇ ಇರುತ್ತವೆ. ಸೆಷನ್ ಅಂತ ಕೊಟ್ಟರೆ ಒಂದು ಕೆಟ್ಟರೂ ಎಲ್ಲವೂ ನಿಲ್ಲುತ್ತವೆ. ವಾಲ್ಯೂಮೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ಒಂದು ರಾತ್ರಿ ಡಿಬಿ2 ಡೇಟಾಬೇಸಿನ ಲಾಗ್ (ಬದಲಾವಣೆಗಳ ದಾಖಲೆ) ಇದ್ದ ವಾಲ್ಯೂಮ್ ಸಸ್ಪೆಂಡ್ ಆಯಿತು, ಮೆಸೇಜ್ ಬಂತು, ಆದರೆ ಕನ್ಸೋಲಿನಲ್ಲಿ ಹರಿಯುವ ಸಾಲುಗಳ ನಡುವೆ ಯಾರ ಕಣ್ಣಿಗೂ ಬೀಳಲಿಲ್ಲ, ಟೇಬಲ್‌ಗಳಿದ್ದ ವಾಲ್ಯೂಮ್‌ಗಳು ಮಾತ್ರ ಮುಂದಕ್ಕೆ ಹೋಗುತ್ತಲೇ ಇದ್ದವು. ಎರಡು ದಿನ ಬಿಟ್ಟು ಡಿಆರ್ ಡ್ರಿಲ್, ಅಂದರೆ ಮೇನ್ ಸೈಟ್ ಬಿದ್ದಿದೆ ಅಂದುಕೊಂಡು ದೂರದ ಕಾಪಿಯಿಂದ ಎಲ್ಲ ಎಬ್ಬಿಸುವ ತಾಲೀಮು. ದೂರದ ಡಿಸ್ಕ್‌ಗಳನ್ನು ಬಳಕೆಗೆ ಸಿದ್ಧ ಮಾಡುವ ಎಕ್ಸ್‌ರಿಕವರ್ ಕಮಾಂಡ್ ಮುಗಿಯಿತು, ಡಿಬಿ2 ಮಾತ್ರ ಮೇಲೇಳಲಿಲ್ಲ. ಟೇಬಲ್ ಇವತ್ತಿನದು, ಲಾಗ್ ಮೊನ್ನೆಯದು! ಅದು ಡ್ರಿಲ್ ಆಗಿರದೆ ನಿಜವಾದ ಅನಾಹುತವೇ ಆಗಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಂದಿನಿಂದ ಸೆಷನ್ ಅಂತಲೇ ಕೊಡುತ್ತಿದ್ದೇವೆ. ಎಲ್ಲವೂ ನಿಂತರೂ ದೂರದ ಕಾಪಿಯೆಲ್ಲ ಒಂದೇ ಗಳಿಗೆಯದು. ಸ್ವಲ್ಪ ಹಳೆಯದಾದರೂ ಅದರಿಂದ ಡೇಟಾಬೇಸ್ ಎಬ್ಬಿಸಬಹುದು.

ಕಷ್ಟವೂ ಇದೆ. ದೂರದ ಒಂದು ಡಿಸ್ಕ್ ಕೈಕೊಟ್ಟರೂ ಇಡೀ ಸೆಷನ್ ನಿಲ್ಲುತ್ತದೆ, ನಡುರಾತ್ರಿ ಫೋನ್ ಬರುತ್ತದೆ. ಮತ್ತೆ ಶುರು ಮಾಡುವಾಗ, ಜೋಡಿಗಳನ್ನು ಸೇರಿಸುವ ಎಕ್ಸ್‌ಆ್ಯಡ್‌ಪೇರ್ ಕಮಾಂಡಿಗೆ ಸಸ್ಪೆಂಡೆಡ್ ಅಂತ ಕೊಟ್ಟರೆ ಬದಲಾದ ಟ್ರ್ಯಾಕ್‌ಗಳಷ್ಟೇ ಹೋಗುತ್ತವೆ, ಹಾಗಾಗಿ ಮೊದಲಿನಿಂದ ಕಾಪಿ ಮಾಡುವ ಗೋಳಿಲ್ಲ. ಆದರೆ ಆ ರೀಸಿಂಕ್ ಮುಗಿಯುವವರೆಗೆ ದೂರದ ಡೇಟಾ ಅರೆಬರೆ. ಅದೇ ಹೊತ್ತಿಗೆ ಮೇನ್ ಸೈಟ್ ಬಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ದಯವಿಟ್ಟು ರೀಸಿಂಕ್ ಶುರು ಮಾಡುವ ಮೊದಲು ಸೆಕೆಂಡರಿಗಳ (ದೂರದ ಡಿಸ್ಕ್‌ಗಳ) ಫ್ಲ್ಯಾಶ್‌ಕಾಪಿ, ಅಂದರೆ ಆ ಗಳಿಗೆಯ ಒಂದು ಪ್ರತಿ, ತೆಗೆದಿಡಿ. ಡಿಸ್ಕ್ ಜಾಸ್ತಿ ಬೇಕಾಗುತ್ತದೆ ಅಂತ ಮೇಲಿನವರು ಗೊಣಗಿದರೂ ಬಿಡಬೇಡಿ.

ಹಳೆ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುವ ಮೈಗ್ರೇಟ್ ಸೆಷನ್‌ಗೆ ಮಾತ್ರ ಈಗಲೂ ವಾಲ್ಯೂಮ್ ಕೊಡುತ್ತೇನೆ. ಅಲ್ಲಿ ಒಂದು ನಿಂತರೆ ಸುಮ್ನೆ ಅದೊಂದನ್ನೇ ಮತ್ತೆ ಸೇರಿಸಿದರಾಯಿತು. ಮತ್ತೆ, ಈಗ ನಮ್ಮಲ್ಲಿ ಶಿಫ್ಟ್‌ಗೆ ಬಂದವರು ಮೊದಲು ಜೋಡಿಗಳ ಸ್ಥಿತಿ ತೋರಿಸುವ ಎಕ್ಸ್‌ಕ್ವೆರಿ ಕಮಾಂಡ್ ಕೊಟ್ಟು, ಸಸ್ಪೆಂಡ್ ಆದ ಜೋಡಿ ಇದೆಯಾ ಅಂತ ನೋಡಿ, ಲಾಗ್ ಪುಸ್ತಕದಲ್ಲಿ ಬರೆದ ಮೇಲೆಯೇ ಕಾಫಿಗೆ ಏಳುತ್ತಾರೆ.