ಅಡಿಕೆ ಮಂಡಿಯ ಆನ್‌ಲೈನ್ ಟೆಂಡರ್ ಹೇಗಿದೆ? ತೀರ್ಥಹಳ್ಳಿ ಕಡೆಯ ಬೆಳೆಗಾರನ ಅನುಭವ

ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಹಾಕಿ ಟೆಂಡರಿಗೆ ಇಡೋದಾ, ಇಲ್ಲ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೇ ಕೊಟ್ಟುಬಿಡೋದಾ ಅಂತ ನಮ್ಮ ಕಡೆಯ ಹುಡುಗರು ಕೇಳುತ್ತಿರುತ್ತಾರೆ. ನನ್ನ ಉತ್ತರ ಒಂದೇ, ಮಂಡಿಗೆ ಹಾಕಿ. ಕೊರತೆಗಳೂ ಇವೆ, ಅವನ್ನೂ ಹೇಳುತ್ತೇನೆ.

ಕರ್ನಾಟಕದಲ್ಲಿ ಈ ಆನ್‌ಲೈನ್ ವ್ಯವಸ್ಥೆ ಶುರುವಾಗಿದ್ದು 2014ರಲ್ಲಿ. ಇಡೀ ದೇಶಕ್ಕೆ ಅಂತ ಕೇಂದ್ರ ಮಾಡಿದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂದಿದ್ದು ಆಮೇಲೆ, 2016ರ ಏಪ್ರಿಲ್‌ನಲ್ಲಿ. ಅಂದರೆ ಈ ವಿಷಯದಲ್ಲಿ ನಾವೇ ಮುಂದೆ.

ನಾನು ಹಾಕುವ ಮಂಡಿಯಲ್ಲಿ ಚೀಲ ಇಳಿಸಿ ತೂಕ ಆದ ಕೂಡಲೇ ಲಾಟ್ ನಂಬರ್ ಸಿಗುತ್ತದೆ. ಖರೀದಿದಾರರು ಒಂದೊಂದೇ ಲಾಟ್ ನೋಡುತ್ತಾ ಬರುತ್ತಾರೆ, ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಅಡಿಕೆ ಹಿಡಿದು ತೆಗೆದು, ಒಂದೆರಡನ್ನು ಸೀಳಿ ಒಳಗಿನ ಬಣ್ಣ ನೋಡಿ, ಆಮೇಲೆ ದರ ಹಾಕುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವರ ದರ ನಮಗೆ ತಿಳಿಸುತ್ತಾರೆ. ಒಪ್ಪಿಗೆ ಆಗದಿದ್ದರೆ ಕೊಡಬೇಕಾಗಿಲ್ಲ, ಮಾಲು ಅಲ್ಲೇ ಇಟ್ಟು ಇನ್ನೊಂದು ಟೆಂಡರಿಗೆ ಕಾಯಬಹುದು. ಕೈಯಲ್ಲಿ ಕಾಸಿಲ್ಲದಿದ್ದರೆ ಇಟ್ಟ ಅಡಿಕೆ ಮೇಲೆ ಮುಂಗಡವೂ ಸಿಗುತ್ತದೆ. ಎರಡು ಎಕರೆ ತೋಟದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಮಗಳ ಫೀಸು, ಅಡಿಕೆ ಗೊನೆ ತೆಗೆದವರ ಕೂಲಿ ಅಂತ ಧಾರಣೆ ಬಿದ್ದಾಗಲೇ ಮಾರಿಕೊಂಡು ಸಾಲ ಮಾಡಿದ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ?

ಈಗ ಕೊರತೆ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನೋ ದರ್ಜೆಗಳಲ್ಲಿ ಯಾವುದಕ್ಕೆ ಸೇರಿಸಬೇಕು ಅನ್ನೋದು ಇವತ್ತಿಗೂ ಕಣ್ಣಂದಾಜು. ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಬಣ್ಣದ ನೀರು) ಹಚ್ಚಿ, ಬಿಸಿಲು ನೋಡಿಕೊಂಡು ಒಣಗಿಸಿದ ನನ್ನ ಬೆಟ್ಟೆಯನ್ನು ಒಂದು ವರ್ಷ ಬಣ್ಣ ಕಮ್ಮಿ ಅಂತ ಕೆಳಗಿಳಿಸಿದರು. ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಒಂದು ತೇವಾಂಶದ ಮೀಟರ್ ಇಟ್ಟು ಅಳತೆಯನ್ನು ಪಟ್ಟಿಯಲ್ಲಿ ಬರೆದರೆ ಅರ್ಧ ಜಗಳ ಮುಗಿಯುತ್ತದೆ. ಹಣವೂ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಮಾಡಿ ಮಾಡಿ ಸಾಕಾಯಿತು. ಇನ್ನೊಂದು ವಿಷಯ: ಆನ್‌ಲೈನ್ ಅಂದರೂ ದರ ಹಾಕುವವರು ಮಂಡಿಯಲ್ಲಿ ಓಡಾಡುವ ಅದೇ ಮುಖಗಳು. ದೆಹಲಿ, ಕಾನ್ಪುರದ ಪಾನ್ ಮಸಾಲದವರು ನೇರವಾಗಿ ದರ ಹಾಕಿದ್ದನ್ನು ನಾನಂತೂ ನೋಡಿಲ್ಲ.

ಮತ್ತೆ, ಟೆಂಡರ್ ಎಷ್ಟೇ ಚೆನ್ನಾಗಿ ನಡೆದರೂ ಧಾರಣೆ ಪೂರ್ತಿ ಇಲ್ಲೇ ತೀರ್ಮಾನ ಆಗುವುದಿಲ್ಲ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಕಮ್ಮಿ ಬೆಲೆಗೆ ತರುವಂತಿಲ್ಲ ಅನ್ನೋ ಮಿತಿ, ಕೆಜಿಗೆ 251 ರೂಪಾಯಿ ಇತ್ತು, 2023ರ ಫೆಬ್ರುವರಿಯಲ್ಲಿ ಕೇಂದ್ರದವರು 351 ಮಾಡಿದರು. ಅದಕ್ಕೆ ಮುಂಚೆ 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಈ ಕನಿಷ್ಠ ಬೆಲೆಯ ಕಟ್ಟು ಇಲ್ಲದೆ ಒಪ್ಪಿಗೆ ಕೊಟ್ಟಿದ್ದರು. ಆಗ ನಮ್ಮಲ್ಲಿ ಎಷ್ಟು ಗಾಬರಿ ಆಗಿತ್ತು, ನೆನಪಿದೆ ಅಲ್ವಾ? ಎಲೆಚುಕ್ಕೆ ರೋಗದಿಂದ ಫಸಲು ಕಮ್ಮಿಯಾದ ತೋಟಕ್ಕೆ ಧಾರಣೆಯೂ ಬಿದ್ದರೆ ಪೇಟೆಯ ಬಟ್ಟೆ ಅಂಗಡಿಯಿಂದ ಹಿಡಿದು ಆಟೋದವರ ತನಕ ಎಲ್ಲರಿಗೂ ಹೊಡೆತ. ಮಲೆನಾಡಿನ ದುಡ್ಡು ಓಡಾಡುವುದೇ ಅಡಿಕೆಯಿಂದ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸದಾಗಿ ಹೋಗುವವರು ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಇಟ್ಟುಕೊಳ್ಳಿ, ಒಣಗದ ಅಡಿಕೆಯನ್ನು ಒಣಗಿದ್ದರ ಜೊತೆ ಬೆರೆಸಬೇಡಿ, ಮತ್ತು ತೂಕ ಆಗುವಾಗ ಪಕ್ಕದಲ್ಲೇ ನಿಂತಿರಿ.