ಹಳೆ ಮನೆ ಕೆಡವುವ ಮೊದಲು ಈ ತಂಡವನ್ನು ಕರೆಸಿ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರ ಕಾಲದ ಹಂಚಿನ ಮನೆ ತೆಗೆಸಿ ಹೊಸದು ಕಟ್ಟಿಸಿದೆವು. ತೆಗೆದವರು ಹಳೇ ಹುಬ್ಬಳ್ಳಿಯಲ್ಲಿ ಹಳೆ ಕಟ್ಟಿಗೆ, ಬಾಗಿಲು ಮಾರುವವರ ಒಂದು ತಂಡ. ಬೋರ್ಡು ಇಲ್ಲ, ಗೌಂಡಿಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಬಂದಿದ್ದ ಗುತ್ತಿಗೆದಾರರೊಬ್ಬರು ಜೆಸಿಬಿ ತಂದು ಒಂದೇ ದಿನದಲ್ಲಿ ನೆಲಸಮ ಮಾಡಿಕೊಡುತ್ತೇನೆ ಅಂದಿದ್ದರು. ಕಲ್ಲು ಮಣ್ಣು ಎಲ್ಲಿ ಹಾಕ್ತೀರಿ ಅಂದರೆ ಉತ್ತರವಿಲ್ಲ. ಇಂಥ ಟ್ರಾಲಿಗಳು ಕೆರೆ ದಂಡೆಗೋ ರಸ್ತೆ ಬದಿಗೋ ಸುರಿದು ಹೋಗುವುದು ನಾವೆಲ್ಲ ಕಂಡದ್ದೇ ಅಲ್ವಾ? ಕಟ್ಟಡದ ತ್ಯಾಜ್ಯ ಬೇರೆ ಬೇರೆ ಮಾಡಿಡಬೇಕು, ರಸ್ತೆ ಚರಂಡಿಗೆ ಅಡ್ಡಿಯಾಗುವಂತೆ ಹಾಕಬಾರದು ಅಂತ 2016ರ ಕೇಂದ್ರದ ನಿಯಮಗಳಲ್ಲೇ ಇತ್ತು.

ಈ ತಂಡದ ಯಜಮಾನರು ಬಂದವರೇ ಗೋಡೆಯ ಗಾರೆಯನ್ನು ಕರಣಿಯಿಂದ ಕೆರೆದು ನೋಡಿದರು. "ಅಕ್ಕಾರ, ಇದು ಸುಣ್ಣದ ಗಾರೆ ಐತ್ರಿ. ಇಟ್ಟಂಗಿ ಇಡಿಯಾಗೇ ಬರ್ತಾವ. ಹಿಂದಿನ ಬಚ್ಚಲಾ ಸಿಮೆಂಟಿಂದು, ಅದು ಬರಂಗಿಲ್ಲ." ಹಾಗೇ ಆಯಿತು. ಸುಣ್ಣ ಮೆದು, ಕೆರೆದರೆ ಬಿಡುತ್ತದೆ. ಸಿಮೆಂಟ್ ಕೆರೆಯಲು ಹೋದರೆ ಇಟ್ಟಂಗಿಯೇ ಒಡೆಯುತ್ತದೆ. ಆ ಚೂರೆಲ್ಲ ಹೊಸ ಮನೆಯ ನೆಲದ ಭರ್ತಿಗೆ ಹೋಯಿತು.

ಹಂಚುಗಳನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಿದ್ದರು. ಠಣ್ ಅಂದರೆ ಗಟ್ಟಿ, ಅದು ಒಂದು ಕಡೆ; ಡಬ್ ಅಂದರೆ ಬಿರುಕು ಬಿಟ್ಟದ್ದು, ಅದು ಇನ್ನೊಂದು ಕಡೆ. ಕೆಲವಕ್ಕೆ ಬಾಸೆಲ್ ಮಿಷನ್ ಮುದ್ರೆ ಇತ್ತು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದವರು ಅವರು. ಅಂಥ ಹಂಚನ್ನು ಪುಡಿ ಮಾಡಲು ಮನಸ್ಸಾದರೂ ಹೇಗೆ ಬರಬೇಕು? ಈಗ ಪಡಸಾಲೆಗೆ ಅವೇ ಹೊದಿಕೆ. ಹೊಗೆಗೆ ಕಪ್ಪಾಗಿದ್ದ ಸಾಗವಾನಿ ಜಂತಿಗಳು ರಂದಾ ಹೊಡೆದ ಮೇಲೆ ಹೊಸ ಕಟ್ಟಿಗೆಯನ್ನು ಮೀರಿಸಿದವು. ಕಿಟಕಿ ಚೌಕಟ್ಟೆಲ್ಲ ಅದರಲ್ಲೇ ಆದವು, ಒಂದೂ ಸೊಟ್ಟಗಾಗಿಲ್ಲ.

ಬೇಜಾರಾದದ್ದೂ ಇದೆ. ಜಂತಿಯೊಳಗಿನ ಮೊಳೆ ಪೂರ್ತಿ ಕೀಳಲಿಲ್ಲ, ನಮ್ಮ ಬಡಿಗೇರರ ಗರಗಸದ ಹಲ್ಲು ಹೋಯಿತು. ಧೂಳಿಗೆ ನೀರು ಹೊಡೆಯಿರಿ ಅಂತ ನಾನೇ ಹೇಳಬೇಕಾಯಿತು. ಪಕ್ಕದ ಮನೆ ಅಜ್ಜಿಗೆ ದಮ್ಮಿದೆ, ಪಾಪ. ನಮಗೆ ಬೇಡವಾದ ಕಟ್ಟಿಗೆ ಕೊಂಡು ಕೂಲಿಯಲ್ಲಿ ಕಳೆಯುತ್ತಾರೆ, ಆದರೆ ಲೆಕ್ಕವೆಲ್ಲ ಬಾಯಲ್ಲೇ. ನೀವೇ ಬರೆದಿಟ್ಟುಕೊಳ್ಳಿ. ಜೆಸಿಬಿಗಿಂತ ದಿನ ಜಾಸ್ತಿ ಹಿಡಿಯುತ್ತದೆ, ಅದು ನನಗೆ ತಪ್ಪು ಅನಿಸಲಿಲ್ಲ.

ಎಂಜಿನಿಯರ್ ನಕ್ಷೆ ಹಾಕುವ ಮೊದಲೇ ಇವರನ್ನು ಕರೆಸಿ ಬಾಗಿಲುಗಳ ಅಳತೆ ತೆಗೆಸಿ. ಹಳೆ ಬಾಗಿಲು ಗಿಡ್ಡ ಇರುತ್ತವೆ, ಆಮೇಲೆ ಕೂರುವುದಿಲ್ಲ. ಆರ್‌ಸಿಸಿ ಮನೆ ಇವರು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಛಾವಣಿ ಬಿಚ್ಚುವುದಿಲ್ಲ, ದೀಪಾವಳಿ ಮುಗಿದ ಮೇಲೆ ಕೇಳಿ.